ರುಖಿಯಾ ಉಮ್ಮನ ಸೌಟು

“ಬೇರೆ ಯಾವ ಸೌಟೂ ಬೇಡ ಹಲೀಮಾ, ಅದೇ ಬೇಕು. ಹಿತ್ತಾಳೆಯದ್ದು, ಹಿಡಿ ಬಗ್ಗಿದ್ದು, ನಿನ್ನ ಅತ್ತೆಯದ್ದು!”

ವಾಯೊಲೆಟ್ ಬಾಯಿ ಕೋಣೆಯಲ್ಲಿ ನಿಂತು ಫೋನಿನೊಳಗೆ ಕೂಗುತ್ತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕಪ್ಪು ಸೀರೆಯ ನೆರಿಗೆ. ಮೊಮ್ಮಗಳು ರೋಶೆಲ್ ತುಟಿಯ ನಡುವೆ ಎರಡು ಪಿನ್ನು ಕಚ್ಚಿಕೊಂಡು ಅಜ್ಜಿಯ ಮಾತು ಮುಗಿಯುವುದನ್ನೇ ಕಾಯುತ್ತಿದ್ದಳು.

“ಮೂರು ಗಂಟೆಗೆ ಇಗರ್ಜಿಯಲ್ಲಿ ಪೂಜೆ. ಅದು ಮುಗಿದ ಕೂಡ್ಲೆ ಮಣ್ಣು. ಅಷ್ಟರೊಳಗೆ ಸೌಟು ನನ್ನ ಕೈಯಲ್ಲಿ ಇರ್ಬೇಕು, ಆಯ್ತಾ?”

ಬಹರೈನಿನ ಗುದೈಬಿಯಾದ ಆ ಫ್ಲ್ಯಾಟಿನ ಹಾಲಿನಲ್ಲಿ ಜಪಸರ ಹಿಡಿದು ಕೂತಿದ್ದ ಹೆಂಗಸರೆಲ್ಲ ಒಮ್ಮೆ ತಲೆ ಎತ್ತಿದರು. ಗಂಡ ಆಸ್ಪತ್ರೆಯ ಶವಾಗಾರದಲ್ಲಿ ಮಲಗಿದ್ದಾನೆ, ಹೆಂಡತಿ ಇಲ್ಲಿ ಸೌಟಿಗೆ ಹುಕುಂ ಮಾಡುತ್ತಿದ್ದಾಳೆ. ಪಾಪ, ಐವತ್ತು ವರ್ಷ ಜೊತೆಗಿದ್ದವರು, ತಲೆ ಸ್ವಲ್ಪ ಆಚೀಚೆ ಆಗುವುದು ಸಹಜ ಎಂದು ಕಣ್ಣಲ್ಲೇ ಮಾತಾಡಿಕೊಂಡು ಅವರು ಮತ್ತೆ ಜಪಕ್ಕೆ ಇಳಿದರು.

ಮಗ ಕೆನೆತ್ ಅಡುಗೆಮನೆಯಿಂದ ಓಡಿ ಬಂದ. “ಎಂತ ಸೌಟು ಮಮ್ಮಿ? ಊಟಕ್ಕೆ ಹೋಟೆಲಿಗೆ ಹೇಳಿ ಆಗಿದೆ. ಅವರೇ ಬಂದು ಬಡಿಸ್ತಾರೆ.”

“ಬಡಿಸ್ಲಿಕ್ಕೆ ಅಲ್ಲ.”

“ಮತ್ತೆ?”

“ಹೊಡೀಲಿಕ್ಕೆ.”

ಕೆನೆತ್ ಬಾಗಿಲಲ್ಲಿ ನಿಂತಿದ್ದ ಲೆಸ್ಲಿಯ ಮುಖ ನೋಡಿದ. ಲೆಸ್ಲಿ ಕರಾವಳಿಯ ಕ್ರೈಸ್ತರ ಸಂಘದ ಕಾರ್ಯದರ್ಶಿ. ಬಹರೈನಿನಲ್ಲಿ ನಮ್ಮವರು ಯಾರೇ ತೀರಿಕೊಂಡರೂ ಪೆಟ್ಟಿಗೆ, ಫಾದರ್, ಬಸ್ಸು, ನೀರಿನ ಬಾಟಲಿ ಎಲ್ಲ ಅವರದ್ದೇ ಉಸ್ತುವಾರಿ. ಒಳ್ಳೆಯ ಮನುಷ್ಯ, ಆದರೆ ಸತ್ತವರಿಗೂ ಅವಸರ ಮಾಡುವ ಪೈಕಿ. ಅವರು ಮೆಲ್ಲಗೆ ಮುಂದೆ ಬಂದು, “ಬಾಯಿ, ಸೌಟೇ ಬೇಕಾದ್ರೆ ಇಗರ್ಜಿ ಹಾಲ್‌ನ ಕಿಚನ್‌ನಲ್ಲಿ ಬೇಕಾದಷ್ಟು ಉಂಟು. ಒಂದು ತೆಗೆದಿಡ್ತೇನೆ,” ಎಂದರು.

“ಅದೆಲ್ಲ ಸ್ಟೀಲು ಲೆಸ್ಲಿ. ಸ್ಟೀಲಿನ ಶಬ್ದ ಇವರಿಗೆ ಗುರ್ತ ಸಿಕ್ಕಲಿಕ್ಕಿಲ್ಲ.”

ಲೆಸ್ಲಿ ಫೋನು ತೆಗೆದು ಬಸ್ಸಿನವನಿಗೆ ಕರೆ ಮಾಡಿದರು. ಕೆನೆತ್ ಅಮ್ಮನ ಬಿಪಿ ಮಾತ್ರೆ ಹುಡುಕಲು ಹೋದ. ರೋಶೆಲ್ ಬಾಗಿಲು ಮುಂದೆ ಮಾಡಿ, ಪಿನ್ನು ಕೈಗೆ ತೆಗೆದುಕೊಂಡು ಕೇಳಿದಳು: “ಗ್ರ್ಯಾನಿ, ಟೆಲ್ ಮಿ. ಯಾರಿಗೆ ಹೊಡೀಲಿಕ್ಕೆ?”

“ನಿನ್ನ ಗ್ರ್ಯಾಂಪಾನಿಗೆ.”

ಪಿನ್ನು ಎರಡೂ ನೆಲಕ್ಕೆ ಬಿದ್ದವು.

ವಾಯೊಲೆಟ್ ಬಾಯಿಯ ಗಂಡ ಆಂತೋನಿ ಪೊರ್ಬುಗಳು ಹೋದದ್ದು ಮೊನ್ನೆ ಮಧ್ಯಾಹ್ನ. ಎಂಬತ್ತೊಂದು ವರ್ಷ. ಬಂಗುಡೆ ಚೆನ್ನಾಗಿತ್ತು ಎಂದು ಹೇಳಿ, ಕೈ ತೊಳೆದು, ಕುರ್ಚಿಯಲ್ಲಿ ಒರಗಿದವರು ಚಹಾಕ್ಕೆ ಏಳಲಿಲ್ಲ. ಶಿರ್ವದಿಂದ ಹಡಗಿನಲ್ಲಿ ಬಂದು, ಒಂದು ಏಸಿ ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿ ಸೇರಿ, ಅಲ್ಲೇ ನಿವೃತ್ತರಾಗಿ, ಮಗನ ಜೊತೆ ಇಲ್ಲೇ ಉಳಿದವರು. “ನನ್ನನ್ನು ಊರಿಗೆ ಕಳಿಸ್ಬೇಡಿ, ಅಷ್ಟು ದೂರ ಮಲಗಿಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ,” ಎಂದು ಅವರೇ ಹೇಳಿಟ್ಟಿದ್ದರು. ಅವರ ಇಡೀ ಬದುಕಿನಲ್ಲಿ ಸುದ್ದಿಯಾಗುವಂಥದ್ದು ಏನೂ ನಡೆದಿರಲಿಲ್ಲ ಎಂದು ಮಗ ನಂಬಿದ್ದ. ಸೌಟಿನ ಕತೆ ಅವನು ಹುಟ್ಟುವುದಕ್ಕೆ ಮೊದಲಿನದ್ದು.

“ಸೀರೆಗೆ ಪಿನ್ನು ಹಾಕು, ಹೇಳ್ತೇನೆ,” ಎಂದರು ವಾಯೊಲೆಟ್ ಬಾಯಿ.

*

ಆ ಮೂರು ಮಾಳಿಗೆಯ ಕಟ್ಟಡ ಈಗ ಇಲ್ಲ. ಈ ಫ್ಲ್ಯಾಟಿನಿಂದ ಎರಡು ಗಲ್ಲಿ ಆಚೆ ಇತ್ತು. ವಾಯೊಲೆಟ್ ಮದುವೆಯಾಗಿ ಬಂದಿಳಿದದ್ದು ಅಲ್ಲಿಗೆ. ಮೇಲಿನ ಮಾಳಿಗೆಯಲ್ಲಿ ಅಬ್ದುಲ್ ಹಕೀಂ ಬ್ಯಾರಿ, ಅವನ ಹೆಂಡತಿ ಹಲೀಮಾ, ಮಗ ಅಜ್ಮಲ್, ಮತ್ತೆ ಅವರೆಲ್ಲರ ಮೇಲೆ ಹಕೀಮನ ತಾಯಿ ರುಖಿಯಾ ಉಮ್ಮ. ಹಕೀಮನಿಗೆ ಮನಾಮದ ಪೇಟೆಯಲ್ಲಿ ಬಟ್ಟೆ ಅಂಗಡಿ. ಉಳ್ಳಾಲದಿಂದ ಬಂದ ತಾಯಿಗೆ ಇಲ್ಲಿ ಹೊತ್ತು ಹೋಗದು ಎಂದು ಅವನು ಒಂದು ಟೀವಿ ತಂದ. ಇಡೀ ಕಟ್ಟಡಕ್ಕೆ ಅದೊಂದೇ ಟೀವಿ.

ಸಮುದ್ರದ ಆಚೆ, ದಹ್ರಾನಿನಲ್ಲಿ, ಎಣ್ಣೆ ಕಂಪೆನಿಯವರದೊಂದು ಇಂಗ್ಲಿಷ್ ಚಾನೆಲ್ ಇತ್ತು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಎಪ್ಪತ್ತೊಂದು ಎಪ್ಪತ್ತೆರಡರ ಹೊತ್ತಿಗೆ ಜನ ನೋಡಿ ಮರೆತ ಸೀರಿಯಲ್ಲುಗಳೆಲ್ಲ ನಾಲ್ಕೈದು ವರ್ಷ ಕಳೆದು ನಿಧಾನಕ್ಕೆ ಅಲ್ಲಿಗೆ ಬರುತ್ತಿದ್ದವು. ಬಂದರೆ ನಮಗೆ ಹೊಸತೇ. ಸೋಮವಾರ ಕುದುರೆಯವರ ಕತೆ, ಬುಧವಾರ ಉದ್ದ ಮೋಟಾರಿನ ಪೊಲೀಸರ ಕತೆ, ಗುರುವಾರ ಇಂಗ್ಲೆಂಡಿನ ಕತೆ. ಅದರಲ್ಲಿ ಸದಾ ಮೋಡ, ಸದಾ ಚಹಾ. ಯಾರಿಗೂ ಮನಸ್ಸಿನಲ್ಲಿರುವುದನ್ನು ಹೇಳುವ ಧೈರ್ಯ ಇಲ್ಲ. ಹೆಸರು ಯಾರ ಬಾಯಿಗೂ ಸಿಕ್ಕದ ಕಾರಣ ಕಟ್ಟಡದವರು ಅದನ್ನು ಡಾಕ್ಟರನ ಕತೆ ಎಂದು ಕರೆದರು.

ಸಂಜೆಯಾದರೆ ರುಖಿಯಾ ಉಮ್ಮನ ಹಾಲ್ ತುಂಬ ಜನ. ವಾಯೊಲೆಟ್ ಕ್ಲಿನಿಕ್ಕಿನ ನರ್ಸು, ಇಂಗ್ಲಿಷ್ ಡಾಕ್ಟರರ ಕೈಕೆಳಗೆ ಕೆಲಸ ಮಾಡುವವಳು. ಆ ಗೊಣಗೊಣ ಇಂಗ್ಲಿಷು ಕಿವಿಗೆ ಹಿಡಿಯುತ್ತಿದ್ದದ್ದು ಅವಳೊಬ್ಬಳಿಗೇ. ಹಾಗಾಗಿ ಎಲ್ಲರ ಮುಂದೆ ಅವಳಿಗೊಂದು ಕುರ್ಚಿ. ಅವಳು ಒಂದು ಮಾತು ಕೇಳಿ ತುಳುವಿನಲ್ಲಿ ಹೇಳಬೇಕು, ರುಖಿಯಾ ಉಮ್ಮ ಅದಕ್ಕೆ ತೀರ್ಪು ಕೊಡಬೇಕು.

“ಆ ಹುಡುಗಿಗೆ ತಾಯಿ ಇಲ್ವಾ? ಇಷ್ಟು ಹೊತ್ತಿಗೆ ಒಬ್ಬಳೇ ಎಲ್ಲಿಗೆ ಹೊರಟದ್ದು?”

“ಅವಳು ಪೊಲೀಸು ಉಮ್ಮಾ.”

“ಪೊಲೀಸಾದ್ರೆ ತಾಯಿ ಇರುದಿಲ್ವಾ?”

ಎಲ್ಲ ಸರಿ, ಆದರೆ ಚಿತ್ರ ನಿಲ್ಲಬೇಕಲ್ಲ! ತಾರಸಿಯ ಮೇಲಿನ ಆಂಟೆನಾದ ಕಂಬ ಗಾಳಿಗೆ ಒಂಚೂರು ತಿರುಗಿದರೂ ದಹ್ರಾನ್ ಮಾಯ. ಕಂಪೆನಿಯ ಏಸಿ ಸಾಮಾನು ಮುಟ್ಟಿಸಲು ತಾರಸಿ ಹತ್ತಿ ಇಳಿದು ಅಭ್ಯಾಸವಿದ್ದವನು ಆಂತೋನಿ. ಒಂದು ದಿನ ಹತ್ತಿ ಕಂಬ ಹಿಡಿದ. ಚಿತ್ರ ಕನ್ನಡಿಯ ಹಾಗೆ ಬಂತು. ಅಂದಿನಿಂದ ಆ ಕೆಲಸ ಅವನಿಗೇ ಅಂಟಿಕೊಂಡಿತು. ಮೇಲಿದ್ದವನಿಗೆ ಕೆಳಗಿನ ಸುದ್ದಿ ತಿಳಿಸುವುದು ಹೇಗೆ? ಹಾಲಿನ ಮೂಲೆಯಲ್ಲಿ ತಾರಸಿಯ ಟ್ಯಾಂಕಿಯಿಂದ ಇಳಿದ ಕಬ್ಬಿಣದ ನೀರಿನ ಪೈಪು ಇತ್ತು. ರುಖಿಯಾ ಉಮ್ಮ ಅಡುಗೆಮನೆಯಿಂದ ಸೌಟು ತರಿಸಿ ಅದರ ಪಕ್ಕ ಕೂತರು. ಒಂದು ಪೆಟ್ಟು ಎಂದರೆ ಚಿತ್ರ ಚೆನ್ನಾಗಿ ಬಂದಿದೆ, ಅಲುಗಾಡಬೇಡ. ಎರಡು ಪೆಟ್ಟು ಎಂದರೆ ಹೋಯಿತು, ತಿರುಗಿಸು. ಒಂದೇ ಸಮನೆ ಟಣಟಣ ಬಡಿದರೆ ಖಲಾಸ್, ಮುಗಿಯಿತು, ಇಳಿದು ಬಾ.

ಮೂರು ಪೆಟ್ಟಿನದ್ದು ಬೇರೆಯೇ ವಿಷಯ. ಪರದೆಯ ಮೇಲೆ ಗಂಡಸೊಬ್ಬ ಹೆಂಗಸೊಬ್ಬಳು ಹತ್ತಿರ ಹತ್ತಿರ ಬರತೊಡಗಿದರೆ, ಮಕ್ಕಳು ಮರಿ ಕೂತ ಹಾಲಿನಲ್ಲಿ ಆ ದೃಶ್ಯ ಕಾಣಿಸಬಾರದಲ್ಲ! ರುಖಿಯಾ ಉಮ್ಮ ಟಣ್ ಟಣ್ ಟಣ್ ಎಂದು ಮೂರು ಬಾರಿಸಿದ ಕೂಡಲೇ ಆಂತೋನಿ ಕಂಬವನ್ನು ಆಚೆ ತಿರುಗಿಸುತ್ತಿದ್ದ. ಪರದೆಯ ತುಂಬ ಬಿಳಿ ಚುಕ್ಕೆಗಳ ಧೋ ಧೋ ಸುರಿತ. ಮಕ್ಕಳ ಲೆಕ್ಕಕ್ಕೆ ಅದೇ ಹಿಮ. ಅಪಾಯ ಕಳೆಯುವಷ್ಟು ಹೊತ್ತು ಬಿಟ್ಟು ಎರಡು ಪೆಟ್ಟು. ಕಂಬ ಮತ್ತೆ ಸ್ವಸ್ಥಾನಕ್ಕೆ. ಆ ಕಟ್ಟಡದ ಮಕ್ಕಳಿಗೆ ಇದರಿಂದ ಒಂದು ಜ್ಞಾನ ಬಂತು. ಶಾಲೆಯಲ್ಲಿ ಟೀಚರು ಹಿಮ ಯಾವಾಗ ಬೀಳುತ್ತದೆ ಎಂದು ಕೇಳಿದ್ದಕ್ಕೆ ಎಂಟು ವರ್ಷದ ಅಜ್ಮಲ್ ಕೈ ಎತ್ತಿ, ಗಂಡಸು ಹೆಂಗಸು ಹತ್ತಿರ ಬಂದಾಗ ಎಂದು ಉತ್ತರ ಕೊಟ್ಟು, ಚೆನ್ನಾಗಿ ಬೈಸಿಕೊಂಡು ಮನೆಗೆ ಬಂದ.

ಒಂದು ಪೆಟ್ಟಿನದ್ದೂ ಕಟ್ಟುನಿಟ್ಟೇ. ಅದು ಬಿದ್ದ ಮೇಲೆ ಕೆಳಗಿನವರೂ ಅಲುಗಾಡುವಂತಿಲ್ಲ. ಯಾರಾದರೂ ಮಿಸುಕಿದರೆ ಚಿತ್ರ ಓಡಿಹೋಗುತ್ತದೆ ಎಂದು ರುಖಿಯಾ ಉಮ್ಮನ ನಂಬಿಕೆ, ಕೆಲವೊಮ್ಮೆ ಅದು ನಿಜವೂ ಆಗುತ್ತಿತ್ತು. ಚಹಾದ ಗ್ಲಾಸು ಬಾಯಿಯ ಹತ್ತಿರ ತಂದವರು ಹಾಗೇ ಹಿಡಿದು ಕೂರಬೇಕು. ಎಷ್ಟು ರೂಢಿಯಾಯಿತೆಂದರೆ, ಹಗಲು ಹೊತ್ತಿನಲ್ಲಿ ಪಾತ್ರೆಯೊಂದು ಪೈಪಿಗೆ ತಾಗಿದರೂ ಮೆಟ್ಟಿಲು ಹತ್ತುತ್ತಿದ್ದವರು ಕಾಲು ಎತ್ತಿದಲ್ಲೇ ನಿಂತುಬಿಡುತ್ತಿದ್ದರು.

ಹೀಗೆ ಎಲ್ಲರೂ ನೋಡಿದರು, ಆಂತೋನಿ ಒಂದನ್ನೂ ನೋಡಲಿಲ್ಲ. ವಾಯೊಲೆಟಳಿಗೆ ಇದು ಚೂರೂ ಸರಿ ಕಾಣುತ್ತಿರಲಿಲ್ಲ. ಹೊಸದಾಗಿ ಮದುವೆಯಾದವಳು, ಪಕ್ಕದ ಕುರ್ಚಿ ಖಾಲಿ. ರಾತ್ರಿ ಊಟಕ್ಕೆ ಕೂತಾಗ ಅವಳು ಕತೆ ಹೇಳಲು ಹೊರಟರೆ ಅವನು ಮೀನಿನ ಮುಳ್ಳು ತೆಗೆಯುತ್ತ, “ಗೊತ್ತುಂಟು. ಇವತ್ತು ಸತ್ತದ್ದು ಒಳ್ಳೆಯವನು ಅಲ್ವಾ?” ಎನ್ನುತ್ತಿದ್ದ.

“ನಿಮಗೆ ಹೇಗೆ ಗೊತ್ತು?”

“ಪೈಪಿನಲ್ಲಿ ಕೇಳ್ತದೆ ಮಾರಾಯ್ತಿ.”

*

“ಅಂದ್ರೆ ಗ್ರ್ಯಾಂಪಾ ವಾಸ್ ದ ರಿಮೋಟ್?” ರೋಶೆಲ್ ಕಾರಿನ ಹಿಂದಿನ ಸೀಟಿನಲ್ಲಿ ಕೇಳಿದಳು.

“ಹೌದು. ಸೆಲ್ಲು ಹಾಕ್ಬೇಕಂತ ಇರ್ಲಿಲ್ಲ, ಅನ್ನ ಹಾಕಿದ್ರೆ ಸಾಕು.”

ಕಾರು ನಡೆಸುತ್ತಿದ್ದ ಕೆನೆತ್ ನಗು ತಡೆಯಲಾರದೆ ಕೆಮ್ಮಿದ. ಪೂಜೆ ಮುಗಿದಿತ್ತು. ಪೆಟ್ಟಿಗೆಯ ವ್ಯಾನು ಮುಂದೆ, ಇವರ ಕಾರು ಹಿಂದೆ, ಅದರ ಹಿಂದೆ ಲೆಸ್ಲಿಯ ಬಸ್ಸು. ಮುಂದಿನ ಸೀಟಿನಲ್ಲಿ ಎಂಬತ್ತೆರಡರ ಹಕೀಂ ಬ್ಯಾರಿಗಳು ಬಿಳಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಗ್ಗೆಯಿಂದ ಆಸ್ಪತ್ರೆಯ ಕಾಗದಪತ್ರಕ್ಕೆ ಕೆನೆತನ ಜೊತೆ ಅಲೆದವರು ಅವರೇ. ಇಗರ್ಜಿಯಲ್ಲೂ ಕೊನೆಯ ಬೆಂಚಿನಲ್ಲಿ ಕೂತು, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತಿದ್ದರು.

ಸೌಟು ಮಾತ್ರ ಇನ್ನೂ ಬಂದಿರಲಿಲ್ಲ.

ವಾಯೊಲೆಟ್ ಬಾಯಿಯ ಫೋನು ಹೊಡೆದುಕೊಂಡಿತು. ರಿಫಾದಿಂದ ಹೊರಟ ಹಲೀಮಾ. “ಸಿಕ್ಕಿತು ವಾಯ್ಲೆಟ್ ಬಾಯಿ, ಸಿಕ್ಕಿತು! ಎಲ್ಲಿತ್ತು ಗೊತ್ತುಂಟಾ? ಬಾಲ್ಕನಿಯಲ್ಲಿ, ಬೇವಿನ ಗಿಡದ ಕುಂಡದಲ್ಲಿ. ಈ ನಸೀಹಾ ಅದರಲ್ಲಿ ಮಣ್ಣು ತೋಡ್ತಿದ್ದಾಳೆ! ನನ್ನ ಸೊಸೆ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ.”

“ನಸೀಹಾನಿಗೆ ಬೈಬೇಡ. ಎಲ್ಲಿಗೆ ಮುಟ್ಟಿದ್ರಿ?”

“ಎಂತ ಮುಟ್ಟುದು, ಟ್ರಾಫಿಕ್ಕು! ಮುಂದೆ ಒಂದು ಲಾರಿ ಉಂಟು, ಅದು ತೀರಿಹೋದ ನಮ್ಮ ಅತ್ತೆಗಿಂತ ನಿಧಾನ. ಅಜ್ಮಲ್, ಹಾರ್ನ್ ಹೊಡಿ ಮೋನೆ!”

ಫೋನಿಟ್ಟ ಮೇಲೆ ವಾಯೊಲೆಟ್ ಬಾಯಿ ಕಿಟಕಿಯ ಆಚೆ ನೋಡುತ್ತ ಕೂತರು. ಲೆಸ್ಲಿ ಬಸ್ಸಿನಿಂದಲೇ ಮೆಸೇಜು ಹಾಕಿದ್ದರು: ಕತ್ತಲಾಗುವ ಮೊದಲು ಮುಗಿಯಬೇಕು, ಗುಂಡಿ ಮುಚ್ಚುವವರಿಗೆ ಹೋಗಲಿಕ್ಕುಂಟು. ಸೌಟು ಬರುವುದಕ್ಕೆ ಮುಂಚೆ ಪೆಟ್ಟಿಗೆ ಇಳಿಸಿಬಿಟ್ಟರೆ? ಈ ಯೋಚನೆಯಿಂದ ಅವರಿಗೆ ಬೆಳಗ್ಗೆಯಿಂದ ಸರಿಯಾಗಿ ಅಳಲೂ ಆಗಿರಲಿಲ್ಲ.

“ಇವತ್ತೇ ಯಾಕೆ ಹೊಡೀಬೇಕು ಮಮ್ಮಿ?” ಕೆನೆತ್ ಈಗ ನಿಜವಾಗಿಯೇ ಕೇಳಿದ. ದನಿಯಲ್ಲಿ ಬಿಪಿಯ ಹೆದರಿಕೆ ಇರಲಿಲ್ಲ.

“ಒಂದು ದಿನ ಹೊಡೀಲಿಕ್ಕೆ ಮರ್ತುಹೋಗಿತ್ತು ಮಗ. ನಿನ್ನ ಡ್ಯಾಡಿಯನ್ನು ಯಾರೂ ಕೆಳಗೆ ಕರೀಲಿಲ್ಲ.”

ಹಕೀಂ ಬ್ಯಾರಿಗಳು ಟೋಪಿಯನ್ನು ಮಡಚಿ, ಮತ್ತೆ ಬಿಡಿಸಿದರು. “ಡಾಕ್ಟರನ ಕತೆ ಮುಗಿದ ದಿನ,” ಎಂದರು.

*

ಆ ಕತೆಯ ಡಾಕ್ಟರ್ ವಿಧುರ. ಕಡಲ ಬದಿಯ ಊರು. ಆಚೆ ದಡಕ್ಕೆ ಹೋಗುವ ದೋಣಿಗೆ ಟಿಕೆಟು ಕೊಡುವ ಒಬ್ಬಳು ಹೆಂಗಸು. ವಾರ ವಾರವೂ ಅವನು ಬಂದು ಟಿಕೆಟು ತೆಗೆದುಕೊಳ್ಳುತ್ತಾನೆ, ದೋಣಿ ಹತ್ತದೆ ಮನೆಗೆ ಹೋಗುತ್ತಾನೆ. ಅವಳಿಗೂ ಗೊತ್ತು, ಅವನಿಗೂ ಗೊತ್ತು, ಹೇಳುವವರು ಯಾರೂ ಇಲ್ಲ.

“ಟಿಕೆಟು ತಗೊಂಡು ದೋಣಿ ಹತ್ತದ ಗಂಡಸು! ಇವನಿಗೆ ಮದುವೆ ಮಾಡಿಸದೆ ಗತಿಯಿಲ್ಲ. ಇವನ ಕಡೆಯವರು ಯಾರೂ ಇಲ್ವಾ?” ಎಂದು ರುಖಿಯಾ ಉಮ್ಮ ನಿಟ್ಟುಸಿರು ಬಿಡುತ್ತಿದ್ದರು. ಸ್ವತಃ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮಗನನ್ನು ಬೆಳೆಸಿದ ಹೆಂಗಸು. ಆ ಟಿಕೆಟಿನವಳ ಮೇಲೆ ಅವರಿಗೆ ಎಲ್ಲಿಲ್ಲದ ಮಮಕಾರ. ಅವಳು ಕೆಮ್ಮಿದರೆ ಇವರು ಶುಂಠಿ ಕಷಾಯ ಹೇಳುತ್ತಿದ್ದರು.

ಕೊನೆಯ ಕಂತಿನ ದಿನ ಹಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಶರಬತ್ತು ಮಾಡಿದ್ದರು. ಮೇಲೆ ಆಂತೋನಿ ಹಿಡಿದ ಕಂಬ ಕದಲಲಿಲ್ಲ. ಪರದೆಯ ಮೇಲೆ ಡಾಕ್ಟರ್ ಎರಡು ಟಿಕೆಟು ಕೇಳಿದ. ಎರಡು ಯಾಕೆ ಎಂದಳು ಅವಳು. ಇನ್ನೊಂದು ನಿನಗೆ ಎಂದ ಅವನು. ವಾಯೊಲೆಟ್ ಅದನ್ನು ತುಳುವಿಗೆ ತರುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ರುಖಿಯಾ ಉಮ್ಮ ಸೌಟನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ತಲೆವಸ್ತ್ರದ ಅಂಚು ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಡಾಕ್ಟರ್ ಅವಳ ಹತ್ತಿರ ಬಂದ. ಮತ್ತೂ ಹತ್ತಿರ ಬಂದ. ಮೂರು ಪೆಟ್ಟು ಬೀಳಲಿಲ್ಲ. ಹಿಮವೂ ಬೀಳಲಿಲ್ಲ.

ಆ ಕಟ್ಟಡ ಕಂಡ ಮೊದಲ ಮುತ್ತು ಅದು. ಕಡೆಯದ್ದೂ ಇರಬೇಕು.

ಆಮೇಲೆ ನಡೆದದ್ದು ನೋಡಬೇಕು! ಗಂಡಸರು ಚಪ್ಪಲಿ ಹುಡುಕತೊಡಗಿದರು. ಹೆಂಗಸರು ಮಲಗಿರದ ಮಕ್ಕಳನ್ನು ಮಲಗಿದ್ದಾರೆಂದು ಹೇಳಿ ಎತ್ತಿಕೊಂಡರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಲೀಮಾ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ರುಖಿಯಾ ಉಮ್ಮ ಟೀವಿಯನ್ನು ತಾವೇ ಆರಿಸಿ, ಅದರ ಮೇಲೆ ಬಟ್ಟೆ ಹೊದೆಸಿ, ನಮಾಜಿನ ಚಾಪೆ ಬಿಡಿಸಿದರು. ವಾಯೊಲೆಟಳಿಗೆ ಅಂದು ರಾತ್ರಿ ಪಾಳಿ. ಕ್ಲಿನಿಕ್ಕಿನ ವ್ಯಾನು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಅವಳು ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಶರಬತ್ತು ಹಾಗೇ ಉಳಿಯಿತು.

ಬೆಳಗಿನ ಬಾಂಗ್ ಆದ ಮೇಲೆ ಟ್ಯಾಂಕಿಯ ನೀರು ನೋಡಲು ತಾರಸಿಗೆ ಹೋದ ಹಕೀಮನಿಗೆ ಆಂತೋನಿ ಸಿಕ್ಕಿದ. ಕಂಬಕ್ಕೆ ಬೆನ್ನು ಕೊಟ್ಟು ಕೂತು, ಒಂದು ತೋಳಿನಿಂದ ಅದನ್ನು ಬಳಸಿ ಹಿಡಿದುಕೊಂಡು, ತೂಕಡಿಸುತ್ತಿದ್ದ. ಹೆಜ್ಜೆಯ ಶಬ್ದಕ್ಕೆ ಕಣ್ಣು ಬಿಟ್ಟು, “ಮುಗೀತಾ?” ಎಂದು ಕೇಳಿದ.

*

“ಆ ಮೇಲೆ ನೀನು ಹುಟ್ಟುವವರೆಗೂ ಆ ಕಟ್ಟಡದಲ್ಲಿ ಇದನ್ನೇ ಹೇಳಿ ನಗಾಡಿದ್ದು! ಇವರೂ ನಗಾಡ್ತಿದ್ರು,” ಎಂದರು ವಾಯೊಲೆಟ್ ಬಾಯಿ. “ನನಗೆ ಮಾತ್ರ ಒಂದೊಂದು ಸಲ ಸಿಟ್ಟು ಬರ್ತಿತ್ತು. ಯಾರೂ ಕರೀದಿದ್ರೆ ಇಳಿದು ಬರ್ಲಿಕ್ಕೆ ಆಗುದಿಲ್ವಾ? ಅಷ್ಟು ಸಾಧು ಆಗಿ ಮನುಷ್ಯ ಇರುದುಂಟಾ? ಮೊನ್ನೆ ಕುರ್ಚಿಯಲ್ಲಿ ನೋಡಿದೆ, ಕುರ್ಚಿಯ ಕೈಯನ್ನು ಹಾಗೇ ತೋಳಿನಲ್ಲಿ ಬಳಸಿ ಹಿಡ್ಕೊಂಡಿದ್ರು. ನನಗೆ ಅದೇ ನೆನಪಾದದ್ದು. ಟಣಟಣ ಹೊಡೆದು ಕರೀಬೇಕು. ಮುಗೀತು ಮಾರಾಯ್ರೇ, ಇಳೀರಿ, ನಿಮ್ಮ ಕೆಲಸ ಆಯ್ತು ಅಂತ. ಅಷ್ಟೂ ಹೇಳದೆ ಹೇಗೆ ಕಳಿಸುದು?”

ರೋಶೆಲ್ ಅಜ್ಜಿಗೆ ನೀರಿನ ಬಾಟಲಿ ತೆರೆದು ಕೊಟ್ಟಳು.

“ಒಂದು ವಿಷಯ ಉಂಟು ಬಾಯಿ,” ಎಂದು ಹಕೀಂ ಬ್ಯಾರಿಗಳು ಗಂಟಲು ಸರಿಮಾಡಿಕೊಂಡರು. “ಅವ ಇರುವಾಗ ಹೇಳುವ ಹಾಗೆ ಇರ್ಲಿಲ್ಲ. ಹೇಳಿದ್ರೆ ನನ್ನನ್ನು ತಾರಸಿಯಿಂದ ದೂಡಿಹಾಕ್ತೇನೆ ಅಂತ ಹೇಳಿದ್ದ.”

“ಎಂತದ್ದು?”

“ಕುದುರೆ ಕತೆಯಲ್ಲಿ ಈ ಮೂರು ಪೆಟ್ಟಿನ ತಾಪತ್ರಯ ಇರ್ಲಿಲ್ಲ ಅಲ್ವಾ? ಬರೀ ಕುದುರೆ, ಬರೀ ಧೂಳು. ನಾನು ಒಂದು ಸೋಮವಾರ ತಂತಿ ತಗೊಂಡು ಮೇಲೆ ಹೋದೆ. ಕಂಬವನ್ನು ಟ್ಯಾಂಕಿಗೆ ಕಟ್ಟುವ, ನೀನು ಕೆಳಗೆ ಬಂದು ಮನುಷ್ಯರ ಹಾಗೆ ಕೂತು ನೋಡು ಅಂತ ಹೇಳಿದೆ. ಬೇಡ ಹೇಳಿದ. ಇಲ್ಲಿಂದ ಚೆನ್ನಾಗಿ ಕಾಣ್ತದೆ ಹೇಳಿದ. ಹುಚ್ಚಾ ಮಾರಾಯಾ, ಇಲ್ಲಿಂದ ಎಂತ ಕಾಣುದು ಅಂತ ನಾನು ಬಗ್ಗಿ ನೋಡಿದೆ. ತಾರಸಿಯ ನಡುವಲ್ಲಿ ಗಾಳಿಗೆ ಬಿಟ್ಟ ಕಿಂಡಿ ಇತ್ತಲ್ಲ, ನೆನಪುಂಟಾ? ಅದರಿಂದ ಟೀವಿಯ ಬೆನ್ನು ಕಾಣ್ತಿತ್ತು. ಮತ್ತೆ ಟೀವಿಯ ಬೆಳಕು ಬಿದ್ದ ನಿಮ್ಮ ಕುರ್ಚಿ.”

ವಾಯೊಲೆಟ್ ಬಾಯಿ ಮುಂದಿನ ಸೀಟಿನ ಬೆನ್ನು ಹಿಡಿದು ಮುಂದಕ್ಕೆ ಬಾಗಿದರು.

“ಕತೆ ಎಲ್ಲ ಅವನಿಗೆ ನಿಮ್ಮ ಮುಖದಿಂದಲೇ ಗೊತ್ತಾಗ್ತಿತ್ತು. ಟೀವಿ ಆರಿದ್ದು ಕಂಡ್ರೂ ಟಣಟಣ ಕೇಳದೆ ಇಳಿಯುವವನಲ್ಲ ಅವ. ಕಡೆಯ ದಿನ ಮೂರು ಪೆಟ್ಟು ಬರ್ಲಿಲ್ಲ ಅಲ್ವಾ? ತಿರುಗಿಸುವ ಹೊತ್ತಾಯ್ತು ಅಂತ ಅವನಿಗೆ ಗೊತ್ತಾಗಿತ್ತು ಬಾಯಿ. ಬೆಳಗ್ಗೆ ಅವನೇ ಹೇಳಿದ. ‘ವಾಯೊಲೆಟ್ ಅಳ್ತಾ ನಗಾಡ್ತಿದ್ದಳು ಬ್ಯಾರಿ. ನನಗೆ ತಿರುಗಿಸ್ಲಿಕ್ಕೆ ಮನಸ್ಸೇ ಬರ್ಲಿಲ್ಲ’ ಅಂತ.”

ಕೆನೆತ್ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಹೊರಡಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು, ಲೆಸ್ಲಿಯದ್ದೇ ಇರಬೇಕು. ವಾಯೊಲೆಟ್ ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಎರಡು ದಿನದಿಂದ ಬಾರದಿದ್ದ ಅಳು. ಅಳುವಿನ ನಡುವೆ, “ಪೈಪಿನಲ್ಲಿ ಕೇಳ್ತದಂತೆ! ಕಳ್ಳ! ಪಕ್ಕಾ ಕಳ್ಳ!” ಎಂದು ಬೈದರು. ರೋಶೆಲ್ ಅಜ್ಜಿಯ ಕೈ ಹಿಡಿದುಕೊಂಡಳು.

ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಮಣ್ಣು ಆಗಲೇ ತೋಡಿ ರಾಶಿ ಹಾಕಿದ್ದರು. ಫಾದರ್ ಪ್ರಾರ್ಥನೆ ಮುಗಿಸಿ ತೀರ್ಥ ಚಿಮುಕಿಸಿದರು. ಹಗ್ಗ ಹಿಡಿಯುವವರು ಮುಂದೆ ಬಂದರು. ಲೆಸ್ಲಿ ಗಡಿಯಾರ ನೋಡಿಕೊಂಡರು.

“ಒಂದು ಹಾಡು ಹೇಳುವ ಫಾದರ್,” ಎಂದರು ವಾಯೊಲೆಟ್ ಬಾಯಿ.

ಹಾಡಿದರು. ಕೊಂಕಣಿಯ ಆ ಹಾಡಿನಲ್ಲಿ ಸಾಮಾನ್ಯವಾಗಿ ಎರಡು ಚರಣಕ್ಕೆ ನಿಲ್ಲಿಸುವುದು. ವಾಯೊಲೆಟ್ ಬಾಯಿ ಮೂರನೆಯದನ್ನು ತಾವೇ ಎತ್ತಿಕೊಂಡರು. ಫಾದರ್‌ಗೆ ನಾಲ್ಕನೆಯದು ಬಾಯಿಪಾಠ ಇರಲಿಲ್ಲ, ವಾಯೊಲೆಟ್ ಬಾಯಿಗೆ ಇತ್ತು. ಆರನೆಯದಕ್ಕೆ ಬರುವಾಗ ಹಾಡುತ್ತಿದ್ದವರು ಅವರೊಬ್ಬರೇ, ಗೇಟಿನ ಕಡೆಗೊಂದು ಕಣ್ಣಿಟ್ಟು, ಹೊಸ ಹೊಸ ಸಾಲು ಸೇರಿಸಿ ಹಾಡುತ್ತಿದ್ದರು. ಲೆಸ್ಲಿಯ ಮುಖ ಕೆಂಪಾಯಿತು.

ಆಗ ಗೇಟಿನ ಹೊರಗೆ ಕಾರೊಂದು ಬ್ರೇಕ್ ಹಾಕಿ ನಿಂತಿತು. ಐವತ್ತೇಳರ ಅಜ್ಮಲ್, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೌಟು ಎತ್ತಿ ಹಿಡಿದು ಗೋರಿಗಳ ನಡುವೆ ಓಡಿ ಬಂದ. “ತಗೊಳ್ಳಿ ಆಂಟೀ... ನನ್ನ ಉಮ್ಮ ಕಾರಿನಲ್ಲೇ ಇದ್ದಾರೆ... ನಮ್ಮಲ್ಲಿ ಹೆಂಗಸರು ಕಬರಸ್ತಾನದ ಒಳಗೆ ಬರುದಿಲ್ಲಲ್ಲ... ಕಿಟಕಿ ಇಳಿಸಿ ಕೂತಿದ್ದಾರೆ.” ಅವನಿಗೆ ಏದುಸಿರು.

ವಾಯೊಲೆಟ್ ಬಾಯಿ ಗೇಟಿನ ಕಡೆ ನೋಡಿದರು. ತಗ್ಗಿನ ಗೋಡೆಯ ಆಚೆ, ಕಾರಿನ ಕಿಟಕಿಯಲ್ಲಿ ಹಲೀಮಾಳ ಮುಖ. ಹಲೀಮಾ ಕೈ ಬೀಸಿದಳು, ಹೊಡಿ ಹೊಡಿ ಎಂಬಂತೆ.

ಸೌಟಿನ ಬಾಯಲ್ಲಿ ಕುಂಡದ ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಅದನ್ನು ಸೆರಗಿನಲ್ಲಿ ಒರೆಸಿ, ಅವರು ಪೆಟ್ಟಿಗೆಯ ಪಕ್ಕ ಮೆಲ್ಲಗೆ ಬಗ್ಗಿದರು. ಫಾದರ್ ಲೆಸ್ಲಿಯನ್ನು ನೋಡಿದರು, ಲೆಸ್ಲಿ ಆಕಾಶ ನೋಡಿದರು. ಆ ಕಟ್ಟಡದ ಹಳಬರು ಐದಾರು ಮಂದಿ, ಕೋಲು ಊರಿದವರು, ಮಗನ ತೋಳು ಹಿಡಿದವರು, ಒಬ್ಬರ ಹಿಂದೆ ಒಬ್ಬರು ಹತ್ತಿರ ಬಂದರು. ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಹಕೀಂ ಬ್ಯಾರಿಗಳು ಗೆಳೆಯನಿಗೆ ಹಾಕಲು ಒಂದು ಹಿಡಿ ಮಣ್ಣು ಎತ್ತಿಕೊಂಡಿದ್ದರು. ರೋಶೆಲ್ ಟಣಟಣ ಶಬ್ದಕ್ಕೆ ಕಿವಿಗೊಟ್ಟು ನಿಂತಳು.

ವಾಯೊಲೆಟ್ ಬಾಯಿ ಸೌಟು ಎತ್ತಿದರು. ಒಂದು ಗಳಿಗೆ ಹಾಗೇ ಹಿಡಿದರು. ಆಮೇಲೆ ಪೆಟ್ಟಿಗೆಯ ಕಬ್ಬಿಣದ ಹಿಡಿಕೆಗೆ ಹೊಡೆದರು.

ಟಣ್.

ಒಂದೇ ಪೆಟ್ಟು. ಸೌಟನ್ನು ಮಡಿಲಿಗೆ ತಂದು, ಎರಡೂ ಕೈಯಲ್ಲಿ ಹಿಡಿದು, ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟು, ಅವರು ಸುಮ್ಮನಾದರು.

ಹಕೀಂ ಬ್ಯಾರಿಗಳ ಕೈ ಮಣ್ಣಿನ ಸಮೇತ ಗಾಳಿಯಲ್ಲಿ ನಿಂತಿತು. ಒಬ್ಬರು ಎತ್ತಿದ ಕೋಲು ನೆಲಕ್ಕೆ ಊರಲಿಲ್ಲ. ಇನ್ನೊಬ್ಬರ ಕೈವಸ್ತ್ರ ಮೂಗಿನ ಹತ್ತಿರ ಬಂದದ್ದು ಅಲ್ಲೇ ಉಳಿಯಿತು. ಗೋಡೆಯ ಆಚೆ, ಕಾರಿನ ಕಿಟಕಿಯಲ್ಲಿ, ಹಲೀಮಾಳ ಬೀಸಿದ ಕೈ ಬೀಸಿದಲ್ಲೇ ನಿಂತಿತ್ತು. ಹಗ್ಗ ಹಿಡಿದವರು ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ವಾಟ್ ಹ್ಯಾಪನ್ಡ್?” ರೋಶೆಲ್ ಪಿಸುಗುಟ್ಟಿದಳು.

ಪಕ್ಕದಲ್ಲಿ ಒಂದು ಕಾಲು ಮುಂದಿಟ್ಟು ನಿಂತಲ್ಲೇ ನಿಂತಿದ್ದ ಅಜ್ಮಲ್ ತುಟಿ ಕೂಡ ಅಲುಗಿಸದೆ ಹೇಳಿದ:

“ಶ್‌... ಅಲುಗಾಡ್ಬೇಡ.”